ಎಣ್ಣೆ ಟ್ಯಾಂಕ್ ತೆಗೆದರು, ವಾಸನೆ ಬಿಟ್ಟು ಹೋದರು

ಚಳಿ ಊರುಗಳ ಹಳೆ ಮನೆಗಳ ನೆಲಮಾಳಿಗೆಯಲ್ಲಿ ಹೀಟಿಂಗ್ ಆಯಿಲ್, ಅಂದರೆ ಮನೆ ಬೆಚ್ಚಗಿಡಲು ಉರಿಸುವ ಎಣ್ಣೆಯ ಟ್ಯಾಂಕ್‌ಗೆ ಅಂತಲೇ ಒಂದು ಕೋಣೆ ಇರುತ್ತದಲ್ಲ, ಅದನ್ನು ಖಾಲಿ ಮಾಡಿಸಿ ಸಣ್ಣ ವರ್ಕ್‌ಶಾಪ್ ಮಾಡಿಕೊಂಡಿದ್ದೇವೆ. ಟ್ಯಾಂಕ್ ತೆಗೆದ ಕಂಪನಿಯ ಹೆಸರು ಬೇಡ, ಕೆಲಸ ಹೇಗಿತ್ತು ಅಂತ ಹೇಳುತ್ತೇನೆ. ಐದಕ್ಕೆ ಮೂರು.

ಟ್ಯಾಂಕ್ ತೆಗೆದ ರೀತಿಗೆ ಮಾತ್ರ ಪೂರ್ತಿ ಅಂಕ. ಉಳಿದಿದ್ದ ಎಣ್ಣೆಯನ್ನು ಮೊದಲು ಪಂಪ್ ಮಾಡಿಕೊಂಡರು, ಗ್ಯಾಸ್ ಅಳೆಯುವ ಮೀಟರ್ ಇಳಿಬಿಟ್ಟು ಒಳಗಿನ ಗಾಳಿ ನೋಡಿದ ಮೇಲೇ ಒಬ್ಬ ಇಳಿದು ತಳದ ಮಡ್ಡಿ ಕೆರೆದ, ಆಮೇಲೆ ಕತ್ತರಿಸಲಿಕ್ಕೂ ಗ್ಯಾಸ್ ಕಟರ್ ತರದೆ ಗರಗಸವನ್ನೇ ಬಳಸಿದರು. ಇಂಥ ಕಬ್ಬಿಣದ ಟ್ಯಾಂಕ್‌ಗಳನ್ನು ಎಷ್ಟೋ ಮನೆಗಳಲ್ಲಿ ಕೋಣೆಯೊಳಗೇ ವೆಲ್ಡ್ ಮಾಡಿ ನಿಲ್ಲಿಸಿರುತ್ತಾರೆ, ಇಡಿಯಾಗಿ ಬಾಗಿಲಲ್ಲಿ ಹೊರಗೆ ಬರುವುದೇ ಇಲ್ಲ. ತುಂಡು ಮಾಡುವುದು ಬಿಟ್ಟರೆ ದಾರಿಯಿಲ್ಲ.

ಎಡವಟ್ಟು ಶುರುವಾಗಿದ್ದು ಆಮೇಲೆ. ಹೊರಗೋಡೆಯಲ್ಲಿ ಎಣ್ಣೆ ತುಂಬಿಸುವ ಪೈಪ್ ಇರುತ್ತದೆ, ಅದಕ್ಕೆ ಸುಮ್ನೆ ಮುಚ್ಚಳ ತಿರುಗಿಸಿ ಹೊರಟಿದ್ದರು. ಟ್ಯಾಂಕ್ ಇಲ್ಲ, ಪೈಪ್ ಇದೆ! ಯಾರದೋ ಮನೆಗೆ ಬಂದ ಲಾರಿಯವನು ವಿಳಾಸ ತಪ್ಪಿ ಅದಕ್ಕೇ ಹೋಸ್ ಹಾಕಿದರೆ ಎಣ್ಣೆ ನೇರ ನೆಲಮಾಳಿಗೆಗೆ. ಹೀಗೆ ಆದದ್ದೂ ಉಂಟು. ಪಟ್ಟು ಹಿಡಿದು ಪೈಪನ್ನೇ ಕೀಳಿಸಿದೆವು.

ಇನ್ನು ವಾಸನೆ. ಕೊಟೇಶನ್‌ನಲ್ಲಿ ‘ಕೋಣೆ ಕ್ಲೀನ್’ ಅಂತಿತ್ತು, ಅವರ ಲೆಕ್ಕದಲ್ಲಿ ಅದರರ್ಥ ನೆಲದ ಮೇಲೆ ಎಣ್ಣೆ ನಿಂತಿಲ್ಲ ಅಂತ ಅಷ್ಟೇ. ಆದರೆ ಕಾಂಕ್ರೀಟ್ ಕುಡಿದ ಎಣ್ಣೆ ಒರೆಸಿದರೆ ಹೋಗುತ್ತಾ? ನೆಲದ ಮೇಲೆ ಅಲ್ಲಲ್ಲಿ ನೀರು ಚಿಮುಕಿಸಿ ನೋಡಿ. ನಮ್ಮಲ್ಲಿ ಉಳಿದ ಕಡೆ ನೀರು ಹೀರಿಕೊಂಡು ನೆಲ ಕಪ್ಪಾಯಿತು, ಟ್ಯಾಂಕಿನ ಪೈಪ್ ಜೋಡಿಸಿದ್ದ ಮೂಲೆಯಲ್ಲಿ ಮಾತ್ರ ಹನಿ ಕೆಸುವಿನೆಲೆ ಮೇಲಿನಂತೆ ಗುಂಡಗೆ ನಿಂತಿತ್ತು. ಅದರ ಮೇಲೇ ಎಪಾಕ್ಸಿ ಅನ್ನುವ ನೆಲದ ಲೇಪ ಬಳಿಯುತ್ತೇವೆ ಅಂದರು, ಬೇಡ ಅಂದೆವು, ಎಣ್ಣೆ ಕುಡಿದ ನೆಲಕ್ಕೆ ಎಪಾಕ್ಸಿ ಕಚ್ಚಿಕೊಳ್ಳುವುದಿಲ್ಲ, ಸಿಪ್ಪೆ ಎದ್ದು ಬರುತ್ತದೆ. ಬೇರೆಯವರನ್ನು ಕರೆಸಿ ಆ ಜಾಗದ ಮೇಲ್ಪದರ ಗ್ರೈಂಡ್ ಮಾಡಿಸಿ, ಜಿಡ್ಡು ತೆಗೆಯುವ ಡಿಗ್ರೀಸರ್‌ನಿಂದ ತೊಳೆಸಿ, ಚೆನ್ನಾಗಿ ಒಣಗಿದ ಮೇಲೆ ಶೆಲ್ಲಾಕ್ (ಅರಗಿನ) ಪ್ರೈಮರ್ ಹೊಡೆಸಿದೆವು, ವಾಸನೆ ತಡೆಯುವುದಕ್ಕೆ ಬಳಸುವುದು ಇದನ್ನೇ. ಸೋಡಾಪುಡಿ, ಇದ್ದಿಲು ಇದಕ್ಕೆಲ್ಲ ಸಾಕಾಗುವುದಿಲ್ಲ. ಈಗ ಬಿಸಿಲು ಜಾಸ್ತಿ ಇದ್ದು ಬಾಗಿಲು ಹಾಕಿದ್ದ ದಿನ ಮಾತ್ರ ಸ್ವಲ್ಪ ಗೊತ್ತಾಗುತ್ತದೆ. ವರ್ಕ್‌ಶಾಪ್‌ಗೆ ಪರವಾಗಿಲ್ಲ, ಮಲಗುವ ಕೋಣೆ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಇಂಥ ಕಡೆ ಬೆಂಕಿಗಿಂಕಿ ಬಿದ್ದರೆ ತಪ್ಪಿಸಿಕೊಂಡು ಹೊರಬರುವಷ್ಟು ದೊಡ್ಡ ಕಿಟಕಿಯೂ ಇರುವುದಿಲ್ಲ ಅಲ್ವಾ.

ಬಾಗಿಲಿನ ಎತ್ತರದ ಹೊಸ್ತಿಲು ಎಣ್ಣೆ ಸೋರಿದರೆ ಹೊರಗೆ ಹೋಗದಿರಲಿ ಅಂತ ಕಟ್ಟಿದ್ದು, ಕಾಲು ಎಡವುವುದು ಖಂಡಿತ, ಒಂದು ಮೆಟ್ಟಿಲು ಹಾಕಿಸಿಕೊಂಡಿದ್ದೇವೆ. ಅದೇ ಕಾರಣಕ್ಕೆ ನೆಲದಲ್ಲಿ ನೀರು ಹೋಗುವ ಜಾಲರಿಯೂ ಇಲ್ಲ, ಹಾಗಾಗಿ ವಾಷಿಂಗ್ ಮೆಷಿನ್ ಇಡಲಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ ಕಿಟಕಿ ತೆರೆದರೆ ಬಿಸಿ ಗಾಳಿಯ ತೇವ ತಣ್ಣನೆ ಗೋಡೆಗೆ ಕೂತು ಬೆವರುತ್ತದೆ, ಫ್ಯಾನ್ ಹಾಕುವುದು ಬೆಳಗಿನ ಜಾವವೇ.

ಕಂಪನಿಯ ಮೇಲೆ ಇನ್ನೊಂದು ತಕರಾರಿದೆ. ಟ್ಯಾಂಕ್ ಸರಿಯಾಗಿ ತೆಗೆದು ವಿಲೇವಾರಿ ಮಾಡಿದ್ದಕ್ಕೆ ಕೊಡುವ ಪ್ರಮಾಣಪತ್ರ ಮನೆ ಮಾರುವಾಗ ಬೇಕಾಗುತ್ತದೆ. ಅದಕ್ಕೆ ಫೋನ್ ಮೇಲೆ ಫೋನ್ ಮಾಡಿಸಿದರು. ಕೈಗೆ ಬರುವವರೆಗೂ ನಾವು ಬಾಕಿ ದುಡ್ಡು ಕೊಡಲಿಲ್ಲ.