ಗಲ್ಫಿಗಾದರೆ ಹೋಗಿ, ಕೆನಡಾಕ್ಕಾದರೆ ಬೇಡ

ಕಾಸರಗೋಡಿನ ಹಳೆ ಬಸ್ ನಿಲ್ದಾಣದ ಹತ್ತಿರ ಜವಳಿ ಅಂಗಡಿಯೊಂದರ ಮಹಡಿಯಲ್ಲಿ ಈ ಟ್ರಾವೆಲ್ಸ್ ಇದೆ. ಹೊಗಳುವುದರ ಜೊತೆಗೆ ಬೈಯುವುದೂ ಇರುವುದರಿಂದ ಹೆಸರು ಬರೆಯುವುದಿಲ್ಲ. ನಾನು ಕುಂಬಳೆ ಕಡೆಯ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ. ಊರಿನ ಮಕ್ಕಳು ವಿದೇಶಕ್ಕೆ ಹೊರಟರೆ ಕಾಗದ ಓದಿ ಹೇಳಲು ನನ್ನನ್ನು ಕರೆಯುತ್ತಾರೆ. ಹಾಗಾಗಿ ಬೇರೆ ಬೇರೆ ದೇಶಗಳ ಸಲುವಾಗಿ ಇದೇ ಮೆಟ್ಟಿಲು ಹತ್ತಿದ್ದೇನೆ.

ಗಲ್ಫಿನ ವಿಷಯದಲ್ಲಿ ಈ ಅಂಗಡಿಯನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಮಾಲೀಕರು ಶಾರ್ಜಾದಲ್ಲಿ ದುಡಿದು ಬಂದವರು. ನೆರೆಮನೆಯ ಹುಡುಗನಿಗೆ ದುಬೈಯಲ್ಲಿ ಚಾಲಕನ ಕೆಲಸ ಸಿಕ್ಕಿತ್ತು, ಸಂಬಳ 2,000 ದಿರ್ಹಮ್. ಹುಡುಗ ಆಗಲೇ ಹಾರಲು ಸಿದ್ಧ. ಮಾಲೀಕರು ಒಪ್ಪಂದದ ಹಾಳೆಯನ್ನು ಮೇಜಿನ ಮೇಲೆ ಹರಡಿ, ಕೆಂಪು ಪೆನ್ನಿನಿಂದ ಒಂದೇ ಒಂದು ಸಂಖ್ಯೆಗೆ ಸುತ್ತು ಹಾಕಿದರು.

"ಮಾಷ್ಟ್ರೇ, ಇಲ್ಲಿ ನೋಡಿ. ಮೂಲ ವೇತನ 800. ಉಳಿದದ್ದೆಲ್ಲ ಭತ್ಯೆ."

ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನು ಮೂಲ ವೇತನದ ಮೇಲೆ ಮಾತ್ರ ಲೆಕ್ಕ ಹಾಕುತ್ತಾರೆ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನಗಳ ವೇತನ. 800ರ ಮೇಲೆ ಅದು ವರ್ಷಕ್ಕೆ 560 ದಿರ್ಹಮ್. ಪೂರ್ತಿ 2,000 ಮೂಲ ವೇತನವಾಗಿದ್ದರೆ 1,400. ಹುಡುಗನ ಮುಖ ಸಣ್ಣದಾಯಿತು. ಮಾಲೀಕರೇ ಫೋನ್ ಹಿಡಿದು ಮಾತನಾಡಿ, ಮೂಲ ವೇತನವನ್ನು 1,200ಕ್ಕೆ ಏರಿಸಿ ಬರೆಸಿದರು. ಇದಕ್ಕೆ ಬೇರೆ ಶುಲ್ಕ ಕೇಳಲಿಲ್ಲ.

ಹುಡುಗ ಹತ್ತನೆಯ ತರಗತಿ ಪಾಸಾದವನಲ್ಲ. ಅಂಥವರ ಪಾಸ್‌ಪೋರ್ಟ್‌ನಲ್ಲಿ ವಲಸೆ ತಪಾಸಣೆ ಬೇಕೆಂಬ ಮುದ್ರೆ ಇರುತ್ತದೆ. ಗಲ್ಫ್ ದೇಶಗಳೂ ಮಲೇಷ್ಯಾವೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಅವರಿಗೆ ಸರ್ಕಾರದ ಅನುಮತಿ ಬೇಕು. 1983ರ ವಲಸೆ ಕಾಯ್ದೆಯ ಕಟ್ಟಳೆ ಇದು. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸಕ್ಕೆ ಸೇರಿಕೊಳ್ಳೆಂದು ಕಿವಿಯೂದುವವರು ಪೇಟೆಯಲ್ಲಿ ಬೇಕಾದಷ್ಟಿದ್ದಾರೆ. ಇವರು ಆ ಮಾತೆತ್ತಿದರೆ ಫೈಲನ್ನೇ ಹಿಂದಿರುಗಿಸುತ್ತಾರೆ. ಕೆಲಸ ಕೊಡಿಸಿದ ಕೊಚ್ಚಿಯ ಏಜೆಂಟರ ಪರವಾನಗಿ ಸಂಖ್ಯೆಯನ್ನು ಕೇಂದ್ರ ಸರ್ಕಾರದ ವಲಸೆ ಜಾಲತಾಣವಾದ ಇ-ಮೈಗ್ರೇಟ್‌ನಲ್ಲಿ ನಮ್ಮ ಕಣ್ಣೆದುರೇ ಹುಡುಕಿ ತೋರಿಸಿದರು. ಪರವಾನಗಿ ಇರುವ ಏಜೆಂಟರೂ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂಬುದನ್ನು ಹುಡುಗನ ಅಮ್ಮನಿಗೆ ಅರ್ಥವಾಗುವ ಹಾಗೆ ತುಳುವಿನಲ್ಲಿ ಬಿಡಿಸಿ ಹೇಳಿದರು. 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಗೆ ಎರಡು ವರ್ಷಕ್ಕೆ 275 ರೂಪಾಯಿ, ಅದನ್ನೂ ಮಾಡಿಸಿಕೊಟ್ಟರು.

ದೃಢೀಕರಣಕ್ಕೆ ಹೋಗುವ ಪ್ರಮಾಣಪತ್ರಗಳಿಗೆಂದು ಗುಮಾಸ್ತನ ಮೇಜಿನ ಮೇಲೆ ಎರಡು ಟ್ರೇಗಳಿವೆ, ಒಂದು ಕೋಯಿಕ್ಕೋಡ್, ಒಂದು ಬೆಂಗಳೂರು. ನಮ್ಮ ರೇಷನ್ ಕಾರ್ಡ್ ಕೇರಳದ್ದು, ಪದವಿ ಮಂಗಳೂರಿನದ್ದು. ಪ್ರಮಾಣಪತ್ರ ಕೊಟ್ಟ ರಾಜ್ಯವೇ ಮೊದಲು ದೃಢೀಕರಿಸಬೇಕು, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ರಾಯಭಾರ ಕಚೇರಿ. ಗಡಿನಾಡಿನ ಈ ಗೋಜಲು ಗೊತ್ತಿಲ್ಲದ ಅಂಗಡಿಗಳಲ್ಲಿ ಮಂಗಳೂರಿನ ಪದವಿಪತ್ರ ಕೇರಳ ಸರ್ಕಾರದ ಅನಿವಾಸಿ ಇಲಾಖೆಯಾದ ನೋರ್ಕಾದ ಕೋಯಿಕ್ಕೋಡ್ ಕಚೇರಿಗೆ ಹೋಗಿ ಬರಿಗೈಯಲ್ಲಿ ಮರಳುವುದುಂಟು. ಇಷ್ಟು ತಿಳಿದ ಅಂಗಡಿಯ ಫಲಕಗಳಲ್ಲಿ ಮಲಯಾಳ, ಇಂಗ್ಲಿಷ್, ಅರಬ್ಬಿ ಎಲ್ಲ ಇವೆ. ಕನ್ನಡದ ಒಂದು ಸಾಲಿಲ್ಲ. ಕೇಳಿದರೆ ನಗುತ್ತಾರೆ. ನನಗೇನೂ ನಗು ಬರಲಿಲ್ಲ.

ಇನ್ನು ಬೈಗುಳ. ಒಳಗಿನ ಗಾಜಿನ ಕೋಣೆಗೆ 'ಯುರೋಪ್–ಕೆನಡಾ ವಿಭಾಗ' ಎಂದು ಹೆಸರು. ಅಲ್ಲಿ ಮಾಲೀಕರು ಕೂರುವುದಿಲ್ಲ, ಟೈ ಕಟ್ಟಿದ ಯುವಕನೊಬ್ಬ ಕೂರುತ್ತಾನೆ. ನರ್ಸಿಂಗ್ ಮುಗಿಸಿದ ತಂಗಿಯ ಮಗಳಿಗೆ ಜರ್ಮನಿ ಬೇಕಿತ್ತು. "ಭಾಷೆಯನ್ನು ಅಲ್ಲಿಗೆ ಹೋಗಿ ಕಲಿತರಾಯಿತು" ಎಂದುಬಿಟ್ಟ! ರೋಗಿಯ ಮಾತು ತಿಳಿಯದ ನರ್ಸನ್ನು ಯಾವ ದೇಶ ವಾರ್ಡಿಗೆ ಬಿಟ್ಟೀತು? ನೋರ್ಕಾ ರೂಟ್ಸ್ 2021ರ ಡಿಸೆಂಬರ್‌ನಲ್ಲಿ ಜರ್ಮನಿಯ ಉದ್ಯೋಗ ಸಂಸ್ಥೆಯೊಂದಿಗೆ ಸಹಿ ಹಾಕಿದ ನರ್ಸ್‌ಗಳಿಗಾಗಿನ ಟ್ರಿಪಲ್ ವಿನ್ ಯೋಜನೆಯಲ್ಲಿ ಬಿ1, ಅಂದರೆ ಮಧ್ಯಮ ಮಟ್ಟದವರೆಗೆ ಜರ್ಮನ್ ಭಾಷೆಯನ್ನು ಇಲ್ಲೇ ಉಚಿತವಾಗಿ ಕಲಿಸುತ್ತಾರೆ. ಯುವಕ ಅದರ ಸುದ್ದಿಯನ್ನೇ ಎತ್ತಲಿಲ್ಲ. ಎತ್ತಿದರೆ ಅವನ ಶುಲ್ಕಕ್ಕೆ ಕಲ್ಲು.

ಕೆನಡಾದ ಕಥೆ ಇನ್ನೂ ಕೆಟ್ಟದು. ಗೋಡೆಯ ಮೇಲಿನ ಬಣ್ಣದ ಭಿತ್ತಿಪತ್ರದಲ್ಲಿ, ಓದಲು ಹೋಗುವವರು ಖಾತೆಯಲ್ಲಿ ಕೆನಡಾದ 10,000 ಡಾಲರ್ ತೋರಿಸಿದರೆ ಸಾಕೆಂದಿದೆ. ಆ ಮೊತ್ತವನ್ನು ಕೆನಡಾ 2024ರ ಜನವರಿಯಲ್ಲಿ 20,635 ಡಾಲರಿಗೆ ಏರಿಸಿತು, ಆಮೇಲೆ ಮತ್ತೆ ಏರಿಸಿದೆ. ವಿದ್ಯಾರ್ಥಿ ಪರವಾನಗಿಗಳ ಸಂಖ್ಯೆಗೂ ಅದೇ ತಿಂಗಳು ಮಿತಿ ಹಾಕಿತು. ಭಾವನ ಮಗನಿಗೆ 38 ವರ್ಷ, ಮದುವೆಯಾಗಿಲ್ಲ. ಕಾಯಂ ವಾಸದ ಅರ್ಜಿಗೆ "ಗ್ಯಾರಂಟಿ" ಎಂದ ಯುವಕ. ಅಂಕ ಎಣಿಸಿ ಕಾಯಂ ವಾಸಕ್ಕೆ ಆರಿಸುವ ಅಲ್ಲಿಯ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಿ ಒಂಟಿ ಅರ್ಜಿದಾರನಿಗೆ ವಯಸ್ಸಿನ ಅಂಕ 20ರಿಂದ 29ರವರೆಗೆ 110; 38ಕ್ಕೆ 61; 45ಕ್ಕೆ ಸೊನ್ನೆ. ಗ್ಯಾರಂಟಿ ಕೊಡಲು ಇವನೇನು ಕೆನಡಾದ ವಲಸೆ ಮಂತ್ರಿಯೇ?

ಒಂದೇ ಮಹಡಿಯಲ್ಲಿ ಇಷ್ಟು ವ್ಯತ್ಯಾಸ ಏಕೆಂದರೆ, ಮಾಲೀಕರು ಕಲಿತದ್ದು ಗಲ್ಫಿನ ಪಾಠ. ವಿಶ್ವಸಂಸ್ಥೆಯ 2020ರ ಅಂದಾಜಿನಂತೆ ಯುಎಇಯ 100 ಜನರಲ್ಲಿ 88 ಜನ ಹೊರಗಿನವರು. ಕರೆಸುವ ಉದ್ಯೋಗದಾತನೊಬ್ಬ ಇದ್ದರೆ ಬಾಗಿಲು ತೆರೆಯುತ್ತದೆ, ಕೆಲಸ ಮುಗಿದರೆ ಊರಿಗೆ ಬರಬೇಕು, ಪೌರತ್ವದ ಮಾತೇ ಇಲ್ಲವೆನ್ನಬಹುದು. ಕೆನಡಾದಲ್ಲಿ 2021ರ ಜನಗಣತಿಯ ಪ್ರಕಾರ ವಲಸೆ ಬಂದವರು 100ಕ್ಕೆ 23. ಆದರೆ ಅಲ್ಲಿ ಅಂಕ ಎಣಿಸಿ ಒಳಗೆ ಬಿಟ್ಟವರು ಮುಂದೆ ಪ್ರಜೆಗಳಾಗಿ ಮತ ಹಾಕಬಹುದು. ಜಪಾನಿನಲ್ಲಿ ಹೊರಗಿನವರು 2020ರಲ್ಲಿ 100ಕ್ಕೆ ಎರಡರ ಆಸುಪಾಸು ಇದ್ದರು. ಮುದುಕರು ಹೆಚ್ಚಿ ಕೈಗಳು ಸಾಲದಾದಾಗ, 2019ರ ಏಪ್ರಿಲ್‌ನಿಂದ ಜಪಾನೂ ನುರಿತ ಕೆಲಸಗಾರರಿಗೆ ಹೊಸ ವೀಸಾ ಕೊಡತೊಡಗಿದೆ. ಗಲ್ಫಿನ ಅನುಭವವೊಂದನ್ನೇ ಹಿಡಿದುಕೊಂಡು ಇವುಗಳನ್ನೆಲ್ಲ ಮಾರಲು ಹೊರಟದ್ದೇ ತಪ್ಪು.

ಹೋಗುವವರಿಗೆ: ಗಾಜಿನ ಕೋಣೆಯತ್ತ ಕಳುಹಿಸಿದರೆ ಬೇಡವೆಂದು ಹೇಳಿ, ಮಾಲೀಕರನ್ನೇ ಕಾಣಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಬಿಳಿ ಹಿನ್ನೆಲೆಯ ಫೋಟೊಗಳನ್ನು ಮೊದಲೇ ತೆಗೆಸಿಕೊಂಡು ಹೋಗಿ, ಕೊಟ್ಟ ಪ್ರತಿ ರೂಪಾಯಿಗೂ ರಶೀದಿ ಕೇಳಿ; ತಾವಾಗಿ ಕೊಡುವ ಅಭ್ಯಾಸ ಅವರಿಗಿಲ್ಲ.