ಬಾಡಿಗೆ ತಾಯ್ತನವೋ, ದತ್ತು ಮಗುವೋ?

ಮಂಡ್ಯದ ನನ್ನ ಅಕ್ಕ, ಭಾವ ಎರಡನ್ನೂ ತೂಗಿ ನೋಡಿದರು. ‘ಬಾಡಿಗೆ’ ಎಂಬ ಮಾತೇ ತಪ್ಪು: 2021ರ ಕಾಯ್ದೆಯಂತೆ ವೈದ್ಯಕೀಯ ಮುಂತಾದ ನಿಗದಿತ ಖರ್ಚು, 36 ತಿಂಗಳ ವಿಮೆ ಬಿಟ್ಟು ಹೆರುವವಳಿಗೆ ಹಣ ಕೊಡುವಂತಿಲ್ಲ. ಆಕೆಗೆ 25ರಿಂದ 35 ವಯಸ್ಸು, ಮದುವೆಯಾಗಿ ಸ್ವಂತ ಮಗುವಿರಬೇಕು. ಜೀವಮಾನಕ್ಕೆ ಒಂದೇ ಸಲ. ಜಿಲ್ಲಾ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ, ಮ್ಯಾಜಿಸ್ಟ್ರೇಟರ ಆದೇಶ ಬೇರೆ. ಅಷ್ಟಾಗಿ ಹೊರುವವರು ಯಾರು? ಅಕ್ಕನ ನಾದಿನಿ ಒಪ್ಪಿದಳು, ಅವಳ ಅತ್ತೆ ಒಪ್ಪಲಿಲ್ಲ.

ದತ್ತು ಪಡೆಯಲು ‘ಕಾರಾ’ (ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರ) ಪೋರ್ಟಲ್‌ನಲ್ಲಿ ನೋಂದಣಿ, ಮನೆ ಪರಿಶೀಲನೆ, ಕೊನೆಗೆ ಜಿಲ್ಲಾಧಿಕಾರಿಯ ಆದೇಶ. ಅವಿವಾಹಿತೆಗೂ ಈ ದಾರಿ ಉಂಟು. ಬಾಡಿಗೆ ತಾಯ್ತನದ ಕಾಯ್ದೆಯಲ್ಲಾದರೋ ಒಂಟಿ ಹೆಣ್ಣೆಂದರೆ ವಿಧವೆ, ವಿಚ್ಛೇದಿತೆ ಮಾತ್ರ. ದತ್ತಿನಲ್ಲಿ ಕಾಯುವುದು ಮಾತ್ರ ವರ್ಷಗಟ್ಟಲೆ. ಆದರೂ ರಕ್ತಸಂಬಂಧದ ಹಂಬಲ ಬಿಡಬಲ್ಲವರಿಗೆ ನಾನು ದತ್ತನ್ನೇ ಹೇಳುತ್ತೇನೆ. ಅಕ್ಕ ಈಗ ಸರದಿಯಲ್ಲಿದ್ದಾಳೆ; ತೊಟ್ಟಿಲು ಆಗಲೇ ಅಟ್ಟದಿಂದ ಇಳಿದಿದೆ.