ಓಇಟಿ ಕೋಚಿಂಗ್ ರಿವ್ಯೂ: ಕ್ಲಾಸ್ ಸೂಪರ್, ಕೌನ್ಸೆಲಿಂಗ್ ಟೇಬಲ್ ಕಡೆ ಮಾತ್ರ ಹೋಗ್ಬೇಡಿ

ಓಇಟಿ ಅಂದ್ರೆ ಹೊರದೇಶಕ್ಕೆ ಹೋಗೋ ನರ್ಸ್, ಡಾಕ್ಟರ್‌ಗಳು ಬರೆಯೋ ಇಂಗ್ಲಿಷ್ ಎಕ್ಸಾಮು. ಬೆಂಗಳೂರಲ್ಲಿ ಸ್ಟಾಫ್ ನರ್ಸ್ ಆಗಿದ್ರೆ ಅದರ ಕೋಚಿಂಗ್ ಸೆಂಟರ್‌ಗಳ ಪಾಂಪ್ಲೆಟ್ ನೋಡದೆ ಇರೋಕೆ ಆಗಲ್ಲ, ಪಿಜಿ ಗೇಟಲ್ಲಿ, ಕ್ಯಾಂಟೀನ್ ಗೋಡೆ ಮೇಲೆ, ಕಾಲೇಜ್ ಬ್ಯಾಚ್‌ನ ವಾಟ್ಸಾಪ್ ಗ್ರೂಪಲ್ಲಿ, ಎಲ್ಲಾ ಕಡೆ. ನಾನು ಸೇರಿದ್ದು ವಿಜಯನಗರ ಕಡೆ ಒಂದು ಚಿಕ್ಕ ಸೆಂಟರ್‌ಗೆ. ಹೆಸರು ಹಾಕಲ್ಲ, ಯಾಕಂದ್ರೆ ಮುಂದೆ ಬಯ್ಯೋದೂ ಇದೆ.

ಕೋಚಿಂಗ್ ಫೀಸ್ 18,000, ಎಕ್ಸಾಮ್ ಫೀಸ್ ಬೇರೆ. ನಾನು ಸೇರಿದಾಗ ಅದು 587 ಆಸ್ಟ್ರೇಲಿಯನ್ ಡಾಲರ್ ಇತ್ತು, ನಮ್ಮ ದುಡ್ಡಲ್ಲಿ 30 ಸಾವಿರ ದಾಟಿತ್ತು, ಪ್ರೈವೇಟ್ ಆಸ್ಪತ್ರೆಲಿ ಎಷ್ಟೋ ಜನಕ್ಕೆ ತಿಂಗಳ ಸಂಬಳಾನೇ ಅಷ್ಟಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ಮೇಲೆ ಕೇಂದ್ರದ ಕಮಿಟಿ ಕೂತು 200 ಬೆಡ್ ಮೇಲಿರೋ ಪ್ರೈವೇಟ್ ಆಸ್ಪತ್ರೆಗಳು ಸರ್ಕಾರಿ ನರ್ಸ್‌ಗೆ ಸಮ ಸಂಬಳ ಕೊಡ್ಬೇಕು, 50 ಬೆಡ್ ಒಳಗಿನ ಆಸ್ಪತ್ರೆ ಆದ್ರೂ 20 ಸಾವಿರಕ್ಕಿಂತ ಕಮ್ಮಿ ಇರಬಾರ್ದು ಅಂತ ಬರೆದಿತ್ತು, ಬರೆದಿದ್ದು ಬರೆದಂಗೇ ಇದೆ ಬಿಡಿ.

ಮೊದಲು ಒಳ್ಳೇದು ಹೇಳ್ತೀನಿ. ಸ್ಪೀಕಿಂಗ್ ಕ್ಲಾಸ್‌ಗೆ ಕೊಟ್ಟಿರೋ ದುಡ್ಡು ಮೋಸ ಇಲ್ಲ. ಓಇಟಿಲಿ ಸುಮಾರು 5 ನಿಮಿಷದ ಎರಡು ರೋಲ್ ಪ್ಲೇ ಇರುತ್ತೆ, ಕಾರ್ಡ್ ಕೊಡ್ತಾರೆ, ಎದುರಿಗಿರೋರು ಪೇಷಂಟ್, ನಾವು ನರ್ಸ್. ಮೇಡಮ್ಮು ಇನ್ಸುಲಿನ್ ಬೇಡ ಅನ್ನೋ ಶುಗರ್ ಪೇಷಂಟ್ ಆಗಿ ಕೂತ್ರು, ನಾನು ಬಾಯಿಗೆ ಬಂದಿದ್ದು ಹೇಳ್ದೆ, ಡಾಕ್ಟರ್ ರೌಂಡ್ಸ್‌ಗೆ ಬರ್ತಾರೆ ಅವರನ್ನೇ ಕೇಳಿ ಅಂತ. ಅವರು ಕಾರ್ಡ್ ಕೆಳಗಿಟ್ಟು, ಡಾಕ್ಟರ್ ಈ ಕಾರ್ಡಲ್ಲಿ ಎಲ್ಲಿದಾರೆ ತೋರ್ಸಿ ಸಿಸ್ಟರ್ ಅಂದ್ರು! ಇಡೀ ಕ್ಲಾಸ್ ನಕ್ಕಿತು, ಆದ್ರೆ ಆಮೇಲೆ ಒಬ್ಬೊಬ್ಬರೇ ಕೂತಾಗ ಎಲ್ಲರೂ ಅದನ್ನೇ ಹೇಳಿದ್ರು, ಮಲಯಾಳಿ ಸಿಸ್ಟರ್‌ಗಳೂ, ಹದಿನೈದು ವರ್ಷ ಐಸಿಯುಲಿ ಇದ್ದ ಬ್ರದರ್ ಒಬ್ರೂ ಸೇರಿ. ಪೇಷಂಟ್‌ಗೆ ಯಾಕೆ ಭಯ ಅಂತ ಕೇಳಿದ್ರಾ, ಹೇಳಿದ್ದು ಅರ್ಥ ಆಯ್ತಾ ಅಂತ ನೋಡಿದ್ರಾ, ಅದಕ್ಕೆಲ್ಲ ಅಲ್ಲಿ ಮಾರ್ಕ್ಸು. ನಮ್ಮ ವಾರ್ಡಲ್ಲಿ ಅಷ್ಟು ಹೊತ್ತು ಒಂದು ಬೆಡ್ ಹತ್ರ ನಿಂತ್ರೆ ಇನ್‌ಚಾರ್ಜ್ ಸಿಸ್ಟರ್ ಬಂದು ಏನ್ ಹರಟೆ ಅಂತಾರೆ.

ರೈಟಿಂಗೂ ಅಷ್ಟೇ. ಕೇಸ್ ನೋಟ್ಸ್ ಓದಿ 180ರಿಂದ 200 ಪದದ ಲೆಟರ್ ಬರೀಬೇಕು, ಡಿಸ್ಚಾರ್ಜ್ ಆಗಿ ಮನೆಗೆ ಹೋಗೋ ಪೇಷಂಟನ್ನ ಮುಂದೆ ನೋಡ್ಕೊಳ್ಳೋ ನರ್ಸ್‌ಗೆ, ಯಾವುದು ಮುಖ್ಯ ಯಾವುದು ಬೇಡ ಅಂತ ನಾವೇ ಆರಿಸ್ಬೇಕು. ದಿನಾ ಪೇಷಂಟ್ ಕಂಫರ್ಟಬಲ್, ವೈಟಲ್ಸ್ ಸ್ಟೇಬಲ್, ನೋ ಫ್ರೆಶ್ ಕಂಪ್ಲೇಂಟ್ಸ್ ಅಂತ ಗೀಚಿ ಗೀಚಿ ಕೈ ಅದಕ್ಕೇ ಸೆಟ್ ಆಗ್ಬಿಟ್ಟಿದೆ. ಸಂಬಳ ಕಮ್ಮಿ, ಡಬಲ್ ಡ್ಯೂಟಿ, ಇದಕ್ಕೇ ಸಿಕ್ಕಾಕೊಂಡಂಗೆ ಅನ್ಸೋದು ಅಂದ್ಕೊಂಡಿದ್ದೆ, ಈ ಲೆಟರ್ ಬರೆಯೋಕೆ ಕೂತಾಗ ಗೊತ್ತಾಯ್ತು, ಇಷ್ಟು ವರ್ಷದಲ್ಲಿ ನಿಮಗೇನನ್ಸುತ್ತೆ ಸಿಸ್ಟರ್ ಅಂತ ನನ್ನನ್ನ ಯಾರೂ ಕೇಳೇ ಇಲ್ಲ.

ಈಗ ಬಯ್ಯೋ ಭಾಗ. ಕ್ಲಾಸ್ ರೂಮಿಂದ ಹೊರಗೆ ಬಂದ್ರೆ ಕೌನ್ಸೆಲರ್ ಅಂತ ಒಬ್ಬ ಹುಡುಗ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿರ್ತಾನೆ, ನಿಮ್ಮ ಮುಖ ನೋಡಿದ ತಕ್ಷಣ ಇಲ್ಲೇ ಇದ್ರೆ ಲೈಫ್ ಮುಗೀತು ಅಂತ ಶುರು ಮಾಡ್ತಾನೆ. ಬಂದವರೆಲ್ಲ ಒಂದೇ ಥರ ಸಿಕ್ಕಾಕೊಂಡಿಲ್ಲ ಅನ್ನೋದೇ ಅವನ ತಲೆಗೆ ಹೋಗಲ್ಲ. ನಮ್ಮ ಬ್ಯಾಚಲ್ಲಿ ಒಂದು ಹುಡುಗಿದು ಬಾಂಡ್ ಮುಗಿದಿಲ್ಲ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಆಸ್ಪತ್ರೆ ಬೀರುಲಿದೆ. ಆ ಬ್ರದರ್‌ಗೆ ಮನೆ ಲೋನು, ಏಮ್ಸ್ ನಾರ್ಸೆಟ್ (ಏಮ್ಸ್ ಆಸ್ಪತ್ರೆಗಳ ಸರ್ಕಾರಿ ನರ್ಸ್ ಕೆಲಸದ ಎಕ್ಸಾಮ್) ಬರೆಯೋಣ ಅಂದ್ರೆ ಜನರಲ್‌ಗೆ 30 ವರ್ಷ ಲಿಮಿಟ್ಟು, ಯಾವತ್ತೋ ದಾಟಿದೆ. ಇನ್ನೊಬ್ಬ ಸಿಸ್ಟರ್‌ಗೆ ಕೆಲಸ ಇಷ್ಟಾನೇ, ಡಯಾಲಿಸಿಸ್ ಪೇಷಂಟ್‌ಗಳು ಅವರು ಬಂದ್ರೇನೇ ಸೂಜಿ ಚುಚ್ಚಿಸ್ಕೊಳ್ಳೋದು, ಅವರಿಗೆ ಬೇಕಿರೋದು ನೈಟ್ ಕಮ್ಮಿ ಮಾಡಿಸ್ಕೊಳ್ಳೋದು ಅಷ್ಟೇ. ಮೂರು ಜನಕ್ಕೂ ಅವನು ಕೊಟ್ಟಿದ್ದು ಅದೇ ಯುಕೆ ಪ್ಯಾಕೇಜು!

ಪ್ಯಾಕೇಜ್ ಅಂದ್ರೆ ಏಜೆನ್ಸಿ ಸರ್ವಿಸ್ ಚಾರ್ಜ್ ಅಂತ ಅಡ್ವಾನ್ಸ್ ಕೇಳೋದು. ದಯವಿಟ್ಟು ಕೊಡ್ಬೇಡಿ. ಇಂಗ್ಲೆಂಡ್ ಸರ್ಕಾರದ ರಿಕ್ರೂಟ್‌ಮೆಂಟ್ ಕೋಡ್ ಪ್ರಕಾರ ಕೆಲಸ ಕೊಡಿಸೋಕೆ ನರ್ಸ್ ಹತ್ರ ದುಡ್ಡು ತಗೊಳ್ಳೋ ಹಾಗಿಲ್ಲ, ಕೋಡ್ ಪಾಲಿಸೋ ಏಜೆನ್ಸಿಗಳ ಲಿಸ್ಟ್ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ಗೆ ಸೇರಿದ ಎನ್‌ಎಚ್‌ಎಸ್ ಎಂಪ್ಲಾಯರ್ಸ್ ಸೈಟಲ್ಲೇ ಇದೆ. ಕೋವಿಡ್ ಆದ್ಮೇಲೆ ಎತ್ತಾಕೊಂಡು ಹೋದಂಗೆ ಯುಕೆಯವರು ಈಗ ನರ್ಸ್‌ಗಳನ್ನ ತಗೊಳ್ತಿಲ್ಲ, 2024ರಿಂದ ಹೊರಗಿನ ನರ್ಸ್‌ಗಳು ಸೇರೋದು ಚೆನ್ನಾಗೇ ಇಳಿದಿದೆ, ಅದನ್ನ ಅವನು ಬಾಯಿ ಬಿಡಲ್ಲ. ಇನ್ನೊಂದು ಮುಚ್ಚಿಟ್ಟಿದ್ದು ನೋಡಿ: ಯುಕೆ ಎನ್‌ಎಂಸಿಗೆ (ಅಲ್ಲಿ ನರ್ಸ್‌ಗಳನ್ನ ರಿಜಿಸ್ಟರ್ ಮಾಡೋ ಕೌನ್ಸಿಲ್) ಲಿಸನಿಂಗ್, ರೀಡಿಂಗ್, ಸ್ಪೀಕಿಂಗಲ್ಲಿ ಬಿ ಗ್ರೇಡ್, ಅಂದ್ರೆ 350 ಸ್ಕೋರ್, ರೈಟಿಂಗ್‌ಗೆ ಸಿ ಪ್ಲಸ್ ಇದ್ರೆ ಸಾಕು, ಒಂದೇ ಸಲಕ್ಕೆ ಬರದಿದ್ರೂ 12 ತಿಂಗಳೊಳಗಿನ ಎರಡು ಅಟೆಂಪ್ಟ್ ಸೇರಿಸ್ಬಹುದು, ಸ್ಕೋರ್ ತೀರಾ ಕೆಳಗೆ ಬಿದ್ದಿರಬಾರ್ದು ಅಷ್ಟೇ. ನಾಲ್ಕರಲ್ಲೂ ಬಿ ಒಟ್ಟಿಗೇ ಬರ್ಬೇಕು ಅಂತ ಹೆದರಿಸಿ ಎಷ್ಟು ಜನಕ್ಕೆ ಎರಡನೇ ಸಲ ಫುಲ್ ಕೋರ್ಸ್ ಮಾರಿದಾನೋ.

ಕ್ಲಾಸ್‌ಗೆ ಐದಕ್ಕೆ ನಾಲ್ಕೂವರೆ, ಕೌನ್ಸೆಲಿಂಗ್‌ಗೆ ಒಂದು, ಅದೂ ಟೀ ಕೊಡ್ತಾನೆ ಅಂತ. ಬ್ಯಾಚ್ ಟೈಮಿಂಗ್ ಪರವಾಗಿಲ್ಲ, ಶಿಫ್ಟ್ ಚೇಂಜ್ ಆದ್ರೆ ಸಂಜೆ ಬ್ಯಾಚಲ್ಲಿ ಕೂರೋಕೆ ಬಿಡ್ತಾರೆ, ರೆಕಾರ್ಡಿಂಗೂ ಕಳಿಸ್ತಾರೆ. ನೈಟ್ ಮುಗಿಸ್ಕೊಂಡು ಸೀದಾ ಬೆಳಗಿನ ಲಿಸನಿಂಗ್ ಕ್ಲಾಸ್‌ಗೆ ಮಾತ್ರ ಬರ್ಬೇಡಿ, ಎಕ್ಸಾಮ್ ಥರಾನೇ ಆಡಿಯೋ ಒಂದೇ ಸಲ ಹಾಕೋದು, ಹಿಂದಿನ ಬೆಂಚಲ್ಲಿ ಅರ್ಧ ಜನ ನಿದ್ದೆ ಹೊಡೀತಿರ್ತಾರೆ.